ಕೂತಲ್ಲೇ ಕೂರುವುದಕ್ಕೆ ತಂತಿ, ಓಡಾಡುವುದಕ್ಕೆ ವೈಫೈ: ಮನೆ ನೆಟ್‌ವರ್ಕ್ ಮತ್ತು ಟಿವಿ ಮೂಲೆ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಮಹಡಿ ಮೇಲೆ ಕೂತು ಆಫೀಸ್ ಕೆಲಸ ಮಾಡುವ ನನ್ನ ತಂಗಿ ದಿನಕ್ಕೆ ನಾಲ್ಕು ಸಲ ಮೆಟ್ಟಿಲ ತುದಿಗೆ ಬಂದು, "ಅಣ್ಣಾ, ಮತ್ತೆ ನೆಟ್ ಹೋಯ್ತು" ಅಂತ ಕೂಗುತ್ತಿದ್ದಳು. ಕೆಳಗೆ ಹಾಲ್‌ನಲ್ಲಿ ಅಮ್ಮನ ಧಾರಾವಾಹಿ ಸರಿಯಾಗಿ ಅತ್ತೆ ಬಾಯಿ ತೆರೆಯುವ ಹೊತ್ತಿಗೆ ನಿಂತು, ಪರದೆ ಮೇಲೆ ಚಕ್ರ ಸುತ್ತುತ್ತಿತ್ತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದೆ. ಬಿಲ್ ಜಾಸ್ತಿಯಾಯಿತು. ಚಕ್ರ ಮಾತ್ರ ಮೊದಲಿನಂತೆಯೇ ಸುತ್ತುತ್ತಿತ್ತು.

ತೊಂದರೆ ಇದ್ದದ್ದು ಮನೆಯೊಳಗೇ. ಅದನ್ನು ಸರಿಮಾಡಲು ನಾನು ಕಂಡುಕೊಂಡ ಸೂತ್ರ ಒಂದೇ: ಕೂತಲ್ಲೇ ಕೂರುವ ವಸ್ತುವಿಗೆ ತಂತಿ, ಕೈಯಲ್ಲಿ ಓಡಾಡುವ ವಸ್ತುವಿಗೆ ವೈಫೈ. ಟಿವಿ ಎದ್ದು ಅಡುಗೆಮನೆಗೆ ಹೋಗುವುದಿಲ್ಲ ಅಲ್ವಾ? ಹಾಗಾದರೆ ಅದಕ್ಕೆ ವೈಫೈ ಯಾಕೆ? ಟಿವಿ, ಡೆಸ್ಕ್‌ಟಾಪ್, ಮೀಡಿಯಾ ಸರ್ವರ್ (ವಿಡಿಯೋ ಕೂಡಿಟ್ಟು ಟಿವಿಗೆ ಕಳಿಸುವ ಕಂಪ್ಯೂಟರ್), ಮಹಡಿಯ ವೈಫೈ ಪೆಟ್ಟಿಗೆ ಇವೆಲ್ಲ ತಂತಿಗೆ ಹೋದರೆ, ಗಾಳಿಯಲ್ಲಿ ಉಳಿಯುವುದು ಫೋನು ಮತ್ತು ಲ್ಯಾಪ್‌ಟಾಪ್ ಮಾತ್ರ. ಅವಕ್ಕೂ ಆರಾಮ.

1. ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ಒಂದು ಲ್ಯಾಪ್‌ಟಾಪನ್ನು ತಂತಿಯಿಂದ ನೇರವಾಗಿ ರೂಟರ್‌ಗೆ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ತಂತಿಯಲ್ಲೂ ನೀವು ದುಡ್ಡು ಕೊಟ್ಟಷ್ಟು ವೇಗ ಬರದಿದ್ದರೆ ಅದು ಆಪರೇಟರ್ ಕಡೆಯ ಸಮಸ್ಯೆ. ಅವರಿಗೆ ಫೋನ್ ಮಾಡಿ. ತಂತಿಯಲ್ಲಿ ಪೂರ್ತಿ ಬಂದು ಕೋಣೆಯಲ್ಲಿ ಬರದಿದ್ದರೆ ಮಾತ್ರ ಮುಂದಕ್ಕೆ ಓದಿ.

ಈಗ ಫೋನ್ ಹಿಡಿದು ಪ್ರತಿ ಕೋಣೆಯಲ್ಲೂ ಅದೇ ಟೆಸ್ಟ್ ಮಾಡಿ, ಒಂದು ಹಾಳೆಯಲ್ಲಿ ಮನೆಯ ನಕ್ಷೆ ಗೀಚಿ ಅಂಕಿ ಬರೆಯಿರಿ. ನನ್ನ ಹಾಳೆಯಲ್ಲಿ ಹಾಲ್ 240, ಅಡುಗೆಮನೆ 90, ತಂಗಿಯ ಕೋಣೆ 11. ವೇಗಕ್ಕಿಂತ ಮುಖ್ಯವಾದ ಇನ್ನೊಂದು ಅಳತೆಯಿದೆ. ತೊಂದರೆ ಇರುವ ಕೋಣೆಯಲ್ಲಿ ಕೂತು ಕಂಪ್ಯೂಟರ್‌ನಿಂದ ರೂಟರ್‌ನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ನೋಡಿ. ವಿಳಾಸ ಹೆಚ್ಚಾಗಿ 192.168.1.1 ಆಗಿರುತ್ತದೆ, ಜಿಯೋ ಫೈಬರ್ ಆದರೆ 192.168.29.1. ಐದು ನಿಮಿಷ ಓಡಲು ಬಿಡಿ. ತಂತಿಯಲ್ಲಿ ಅದು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಅಲುಗದೆ ನಿಲ್ಲುತ್ತದೆ. ಕೆಟ್ಟ ವೈಫೈಯಲ್ಲಿ 3, 5, 180, 4, 400 ಅಂತ ಕುಣಿಯುತ್ತದೆ. ಆ ಕುಣಿತವೇ ಅಮ್ಮನ ಚಕ್ರ.

ಇಷ್ಟಕ್ಕೂ ಎಷ್ಟು ವೇಗ ಬೇಕು? 4ಕೆ ವಿಡಿಯೋಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ವಿಡಿಯೋ ಮೀಟಿಂಗ್‌ಗೆ ನಾಲ್ಕೈದು ಸಾಕು. ಐದು ಜನರ ಮನೆಗೆ 100 ಎಂಬಿಪಿಎಸ್ ಧಾರಾಳ, ಅದು ಕೋಣೆಯವರೆಗೆ ತಲುಪಿದರೆ. ನಾನು ಕೊನೆಗೆ ಪ್ಲಾನನ್ನು 100ಕ್ಕೇ ಇಳಿಸಿದೆ.

2. ಪೆಟ್ಟಿಗೆ ಎಲ್ಲಿದೆ, ಎಷ್ಟಿದೆ

ಫೈಬರ್ ಹಾಕಲು ಬಂದ ಹುಡುಗ ತನ್ನ ಕೇಬಲ್ ಎಲ್ಲಿಂದ ಒಳಗೆ ಬರುತ್ತದೋ ಅಲ್ಲೇ ಪೆಟ್ಟಿಗೆ ಕೂರಿಸಿ ಹೋಗುತ್ತಾನೆ. ಅಂದರೆ ಕಿಟಕಿ ಪಕ್ಕ, ಚಪ್ಪಲಿ ಸ್ಟ್ಯಾಂಡ್ ಮೇಲೆ, ಇಲ್ಲವೇ ಟಿವಿ ಶೋಕೇಸಿನ ಹಿಂದೆ. ನಮ್ಮ ಮನೆಗಳ ಗೋಡೆಗಳು ವೈಫೈಗೆ ಒಳ್ಳೆಯ ಶತ್ರುಗಳು. ಸೈಜುಗಲ್ಲಿನ ಹಳೆಯ ಗೋಡೆ, ಕರಾವಳಿಯ ಕೆಂಪುಕಲ್ಲಿನ ಗೋಡೆ, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿ, ಸ್ಟೀಲ್ ಬೀರು, ತಾರಸಿ ಮೇಲಿನ ನೀರಿನ ಟ್ಯಾಂಕು. ವೈಫೈನ ಎರಡು ಅಲೆಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) ವೇಗದ್ದಾದ 5 ಗಿಗಾಹರ್ಟ್ಸ್ ಸಿಗ್ನಲ್ ಇಂಥ ಒಂದು ಗೋಡೆ ದಾಟುವಷ್ಟರಲ್ಲೇ ಸುಸ್ತಾಗುತ್ತದೆ. ಸಾಧ್ಯವಿದ್ದರೆ ಪೆಟ್ಟಿಗೆಯನ್ನು ಮನೆಯ ನಡುಭಾಗಕ್ಕೆ, ತಲೆಯ ಎತ್ತರಕ್ಕೆ ತನ್ನಿ. ಫೈಬರ್ ತಂತಿಯನ್ನು ಮಾತ್ರ ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಬೇಡಿ. ಒಳಗಿರುವುದು ಗಾಜು.

ಆಪರೇಟರ್ ಕೊಟ್ಟ ಪೆಟ್ಟಿಗೆಯಲ್ಲೇ ರೂಟರ್ ಇರುತ್ತದೆ. ಅದರ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಚುಚ್ಚಿದರೆ ಎರಡು ರೂಟರ್‌ಗಳು ಒಂದರೊಳಗೊಂದು ಮನೆ ಮಾಡಿಕೊಳ್ಳುತ್ತವೆ. ನೆಟ್ ಓಡುತ್ತದೆ. ಆದರೆ ಮೇಲಿನ ಫೋನಿಗೆ ಕೆಳಗಿನ ಟಿವಿ ಕಾಣುವುದಿಲ್ಲ, ವೀಡಿಯೋ ಟಿವಿಗೆ ಕಳಿಸಲು ಆಗುವುದಿಲ್ಲ. ಇದಕ್ಕೆ ಎರಡು ದಾರಿ. ಆಪರೇಟರ್‌ಗೆ ಹೇಳಿ ಅವರ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ನೆಟ್ ದಾಟಿಸುವುದಷ್ಟೇ) ಹಾಕಿಸಿ, ನಿಮ್ಮ ರೂಟರ್‌ನಲ್ಲಿ ಲಾಗಿನ್ ತುಂಬಿಸುವುದು. ಇಲ್ಲವೇ ಅವರದನ್ನೇ ಯಜಮಾನ ಮಾಡಿ, ನಿಮ್ಮದನ್ನು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಪೆಟ್ಟಿಗೆ ಮಾತ್ರ, ಮಾಡುವುದು. ಎರಡನೆಯದು ಸುಲಭ. ಅದನ್ನೇ ಮುಂದೆ ಹೇಳುತ್ತೇನೆ.

3. ತಂತಿ ಎಳೆಯುವುದು: ಇಡೀ ಕೆಲಸದ ಬೆನ್ನೆಲುಬು

ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ತನ್ನಿ. 100 ಮೀಟರ್‌ವರೆಗೆ ಗಿಗಾಬಿಟ್ (1000 ಎಂಬಿಪಿಎಸ್) ವೇಗ ಆರಾಮವಾಗಿ ಹೋಗುತ್ತದೆ. ನಮ್ಮ ಮನೆಗಳಲ್ಲಿ 30 ಮೀಟರ್ ದಾಟುವುದೇ ಅಪರೂಪ.

ಕೊಳ್ಳುವಾಗ ಒಂದು ವಿಷಯದಲ್ಲಿ ಹುಷಾರು. ಬೆಂಗಳೂರಿನ ಎಸ್‌ಪಿ ರೋಡೇ ಆಗಲಿ, ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯೇ ಆಗಲಿ, ಅಗ್ಗದ ಸುರುಳಿಯಲ್ಲಿ ಎಷ್ಟೋ ಸಲ ಸಿಸಿಎ ತಂತಿ ಇರುತ್ತದೆ. ಅಂದರೆ ಅಲ್ಯೂಮಿನಿಯಂ ಎಳೆಗೆ ಮೇಲೊಂದು ತಾಮ್ರದ ಲೇಪ. ಅದು ಮಡಚಿದರೆ ಮುರಿಯುತ್ತದೆ, ಕನೆಕ್ಟರ್‌ನಲ್ಲಿ (ತುದಿಗೆ ಹಾಕುವ ಆರ್‌ಜೆ45 ಪ್ಲಾಸ್ಟಿಕ್ ಪಿನ್ನು) ಸಡಿಲವಾಗುತ್ತದೆ. ನಾನೊಮ್ಮೆ ರಟ್ಟಿನ ಮೇಲೆ ದೊಡ್ಡದಾಗಿ ತಾಮ್ರ ಎಂದು ಬರೆದದ್ದನ್ನು ನಂಬಿ ತಂದು, ಎರಡು ಭಾನುವಾರ ಹಾಳುಮಾಡಿಕೊಂಡೆ. ಪರೀಕ್ಷೆ ಸುಲಭ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪಗೇ ಇದ್ದರೆ ತಾಮ್ರ, ಒಳಗೆ ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ.

ದಾರಿ ಹುಡುಕಿ. ಹಳೆಯ ಲ್ಯಾಂಡ್‌ಲೈನ್‌ಗೆ, ಡಿಶ್ ಕೇಬಲ್‌ಗೆ ಗೋಡೆಯೊಳಗೆ ಹಾಕಿಸಿದ ಪೈಪು ಎಷ್ಟೋ ಮನೆಗಳಲ್ಲಿ ಸುಮ್ನೆ ಬಿದ್ದಿರುತ್ತದೆ. ಹಳೆಯ ತಂತಿಯ ತುದಿಗೇ ಹೊಸದನ್ನು ಕಟ್ಟಿ, ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿ, ಒಬ್ಬರು ಎಳೆಯುತ್ತ ಇನ್ನೊಬ್ಬರು ತಳ್ಳಬೇಕು. ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿದರೆ ಜಾರುತ್ತದೆ. ಪೈಪಿನಲ್ಲಿ ತಂತಿಯೇ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಇರುವ ಎಳೆಯುವ ಸ್ಪ್ರಿಂಗ್ ಕೇಳಿ. ಕರೆಂಟ್ ವೈರಿರುವ ಪೈಪಿನೊಳಗೆ ಮಾತ್ರ ಸ್ಪ್ರಿಂಗನ್ನಾಗಲಿ ನೆಟ್ ಕೇಬಲ್ಲನ್ನಾಗಲಿ ತೂರಿಸಬೇಡಿ. ಅದು ಅಪಾಯ. ಪೈಪೇ ಇಲ್ಲವೇ? ಗೋಡೆಯ ಕೆಳಗಂಚಿನಲ್ಲಿ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆದು ಅದರಲ್ಲಿ ಹಾಕಿ, ಗೋಡೆಯ ಬಣ್ಣವನ್ನೇ ಬಳಿದರೆ ಕಣ್ಣಿಗೆ ಹೊಡೆಯುವುದಿಲ್ಲ. ಹೊರಗೋಡೆ ಮೇಲೆ ಎಳೆಯಬೇಕಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ಲೇ ಬೇಕು. ಮಾಮೂಲಿ ಕೇಬಲ್ಲಿನ ಸಿಪ್ಪೆ ಬಿಸಿಲಿಗೆ ಒಡೆದು ಪುಡಿಯಾಗುತ್ತದೆ.

ಈಗ ತುದಿ ಕಟ್ಟುವುದು. ಇದನ್ನು ನಿಧಾನವಾಗಿ ಮಾಡಿ. ಮೇಲಿನ ಸಿಪ್ಪೆಯನ್ನು ಒಂದು ಇಂಚಿನಷ್ಟು ಸುಲಿಯಿರಿ. ಒಳಗೆ ನಾಲ್ಕು ಜಡೆ ಇರುತ್ತವೆ. ಜಡೆ ಬಿಚ್ಚಿ, ಎಂಟು ಎಳೆಗಳನ್ನೂ ಬೆರಳಲ್ಲಿ ತೀಡಿ ನೆಟ್ಟಗೆ ಮಾಡಿ. ಎಡದಿಂದ ಹೀಗೆ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟನ್ನೂ ಹೆಬ್ಬೆರಳ ಕೆಳಗೆ ಒತ್ತಿ ಹಿಡಿದು, ಅರ್ಧ ಇಂಚು ಉಳಿಸಿ ಒಂದೇ ಸಮಕ್ಕೆ ಕತ್ತರಿಸಿ. ಕನೆಕ್ಟರಿನ ಕ್ಲಿಪ್ ನಿಮ್ಮ ಕಣ್ಣಿಗೆ ಕಾಣದ ಕಡೆ ಇರಲಿ, ತಂತಿ ಹೋಗುವ ಬಾಯಿ ಕೆಳಗಿರಲಿ. ತಂತಿಗಳನ್ನು ಕೊನೆಮುಟ್ಟ ತಳ್ಳಿ. ಎಂಟೂ ತಾಮ್ರದ ತುದಿಗಳು ಮುಂದಿನ ಪಾರದರ್ಶಕ ಗೋಡೆಗೆ ತಾಗಿದ್ದನ್ನು ಕಣ್ಣಾರೆ ನೋಡಿ. ಹೊರಸಿಪ್ಪೆಯೂ ಕನೆಕ್ಟರ್‌ನ ಒಳಗೆ ಹೋಗಿರಬೇಕು. ಆಮೇಲೆ ಕನೆಕ್ಟರನ್ನು ತಂತಿಗೆ ಬಿಗಿಯುವ ಇಕ್ಕಳ, ಅಂದರೆ ಕ್ರಿಂಪಿಂಗ್ ಟೂಲ್, ಒತ್ತಿ. ಇನ್ನೊಂದು ತುದಿಯಲ್ಲೂ ಅದೇ ಬಣ್ಣ, ಅದೇ ಕ್ರಮ.

ಮೊದಲ ಸಲ ನಾನು ಕಟ್ಟಿದಾಗ ನೆಟ್ ಬಂತು, ಖುಷಿಯಾಯಿತು. ಆದರೆ ಏನು ಮಾಡಿದರೂ ವೇಗ 94 ದಾಟಲೊಲ್ಲದು. ಈ 94 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ. ಇದು ಜ್ವರ ಇದ್ದ ಹಾಗೆ, ರೋಗ ಬೇರೆ ಎಲ್ಲೋ ಇರುತ್ತದೆ. 100 ಎಂಬಿಪಿಎಸ್ ಸಂಪರ್ಕಕ್ಕೆ (ಅದರಲ್ಲಿ ಕೈಗೆ ಸಿಗುವುದು 94ರಷ್ಟೇ) ಕಿತ್ತಳೆ ಮತ್ತು ಹಸಿರು ಜಡೆಗಳಷ್ಟೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನನ್ನ ಕಂದು ಎಳೆ ಕನೆಕ್ಟರ್‌ನ ಗೋಡೆಗೆ ಒಂದು ಮಿಲಿಮೀಟರ್ ಮುಟ್ಟಿರಲಿಲ್ಲ. ತುದಿ ಕತ್ತರಿಸಿ ಮತ್ತೆ ಕಟ್ಟಿದ ಮೇಲೆ ಸರಿಹೋಯಿತು. ಎಂಟು ದೀಪ ಮಿನುಗುವ ಕೇಬಲ್ ಟೆಸ್ಟರ್ ಇದ್ದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕ್ರಿಂಪಿಂಗ್ ಟೂಲ್ ತರುವಾಗಲೇ ಅದನ್ನೂ ತನ್ನಿ.

ಎಲ್ಲ ತಂತಿಗಳೂ ಬಂದು ಸೇರುವ ಜಾಗದಲ್ಲಿ ಒಂದು ಐದು ಇಲ್ಲವೇ ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ (ನೆಟ್ ತಂತಿಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆ) ಇಡಿ. ಸೆಟ್ಟಿಂಗ್ ಏನೂ ಇಲ್ಲ, ಚುಚ್ಚಿದರೆ ಮುಗಿಯಿತು.

4. ಮಹಡಿಗೆ ವೈಫೈ

ಹಳೆಯ ರೂಟರ್ ಅಟ್ಟದ ಮೇಲಿದ್ದರೆ ಇಳಿಸಿ. ಹೊಸದು ಕೊಳ್ಳುವ ಮೊದಲು ಅದನ್ನೇ ಆಕ್ಸೆಸ್ ಪಾಯಿಂಟ್ ಮಾಡಿ ನೋಡಿ. ಸೆಟ್ಟಿಂಗ್‌ನಲ್ಲಿ ಎಪಿ (ಆಕ್ಸೆಸ್ ಪಾಯಿಂಟ್) ಮೋಡ್ ಇದ್ದರೆ ಅದನ್ನು ಒತ್ತಿ, ಅಷ್ಟೇ. ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಮಾಡಿ (ಮೊದಲ ಮೂರು ಅಂಕಿ ಕೆಳಗಿನ ರೂಟರ್‌ನದ್ದೇ ಇರಬೇಕು), ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲ್ಲನ್ನು ವ್ಯಾನ್ (WAN) ಎಂದು ಬರೆದ ತೂತಿಗೆ ಹಾಕದೆ ಲ್ಯಾನ್ (LAN) ತೂತಿಗೆ ಹಾಕಿ. ಎಷ್ಟೋ ಅಗ್ಗದ ರೂಟರ್‌ಗಳಲ್ಲಿ ಡಬ್ಬದ ಮೇಲೆ 1200 ಅಂತ ಬರೆದಿದ್ದರೂ ಪೋರ್ಟು 100ರದ್ದೇ ಇರುತ್ತದೆ. ಅಲ್ಲೂ ನಮ್ಮ 94 ಎದುರಾಗುತ್ತದೆ.

ಮೆಶ್ (ಒಂದಕ್ಕೊಂದು ಮಾತಾಡಿಕೊಂಡು ಮನೆಯೆಲ್ಲ ವೈಫೈ ಹರಡುವ ಪೆಟ್ಟಿಗೆಗಳ ಸೆಟ್) ಕೊಳ್ಳಬೇಕೇ ಅಂತ ಎಲ್ಲರೂ ಕೇಳುತ್ತಾರೆ. ತಂತಿ ಎಳೆಯಲು ಖಂಡಿತ ಆಗದ ಬಾಡಿಗೆ ಮನೆಯಾದರೆ ಕೊಳ್ಳಿ. ಆದರೆ ಒಂದು ಪೆಟ್ಟಿಗೆ ಇನ್ನೊಂದಕ್ಕೆ ಗಾಳಿಯಲ್ಲೇ ಕೂಗಿ ಹೇಳಬೇಕಾದಾಗ ವೇಗದ ದೊಡ್ಡ ಪಾಲು ಆ ಕೂಗಾಟಕ್ಕೇ ಹೋಗುತ್ತದೆ. ಮೆಶ್ ಪೆಟ್ಟಿಗೆಗಳ ನಡುವೆಯೂ ತಂತಿ ಹಾಕಬಹುದು. ಹಾಕಿದರೆ ಬೇರೆಯದೇ ವಸ್ತು ಅನಿಸುತ್ತದೆ.

ಸೆಟ್ಟಿಂಗ್‌ಗಳು: ಎರಡೂ ಮಹಡಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಬೇರೆ ಬೇರೆ ಚಾನೆಲ್ (ವೈಫೈ ಅಲೆಯೊಳಗಿನ ಓಣಿ). 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರೇ ಒಂದಕ್ಕೊಂದು ತಾಗದವು. ಅಗಲ 20 ಮೆಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್‌ಗೆ ಒಂದರಲ್ಲಿ 36, ಇನ್ನೊಂದರಲ್ಲಿ 149 ಕೊಡಿ, ಅಗಲ 80. ನಡುವಿನ 52ರಿಂದ 144ರವರೆಗಿನ ಚಾನೆಲ್‌ಗಳು ರೇಡಾರ್ ಜೊತೆ ಹಂಚಿಕೊಂಡವು. ರೇಡಾರ್ ಸುಳಿವು ಸಿಕ್ಕರೆ ರೂಟರ್ ಜಾಗ ಬಿಟ್ಟುಕೊಡಬೇಕು, ಕೆಲವು ಟಿವಿಗಳಿಗೆ ಆ ಚಾನೆಲ್ ಕಾಣುವುದೇ ಇಲ್ಲ. ಮೇಲೆ ಹೋದರೂ ಫೋನು ಕೆಳಗಿನ ವೈಫೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಎರಡೂ ಪೆಟ್ಟಿಗೆಗಳ ಸಿಗ್ನಲ್ ಶಕ್ತಿಯನ್ನು ಒಂದು ಹಂತ ಇಳಿಸಿ. ಜಾಸ್ತಿ ಶಕ್ತಿ ಅಂದರೆ ಒಳ್ಳೆಯ ವೈಫೈ ಅಂತ ಅಲ್ಲ.

5. ಟಿವಿ ಮತ್ತು ಧ್ವನಿ

ಟಿವಿಗೆ ತಂತಿ ಹಾಕಿದ ದಿನ ತಂಗಿ ಸ್ಪೀಡ್ ಟೆಸ್ಟ್ ಮಾಡಿ ನಕ್ಕಳು. ವೈಫೈಯಲ್ಲಿ 200 ದಾಟಿದ್ದು ತಂತಿಯಲ್ಲಿ 94! ಈ ಸಲ ನನ್ನ ತಪ್ಪಲ್ಲ. ದುಬಾರಿ ಟಿವಿಗಳಲ್ಲೂ ಲ್ಯಾನ್ ಪೋರ್ಟು ಹೆಚ್ಚಾಗಿ 100 ಎಂಬಿಪಿಎಸ್‌ನದ್ದೇ. ಆದರೂ ತಂತಿಯೇ ಇರಲಿ ಅಂದೆ. 15 ಬೇಕಾದ ಕಡೆ ಅಲುಗದ 94 ಸಾಕು. ಅಂದಿನಿಂದ ಅಮ್ಮನ ಧಾರಾವಾಹಿಯಲ್ಲಿ ಚಕ್ರ ಕಂಡಿಲ್ಲ. ಬ್ಲೂರೇಯಿಂದ ನೇರವಾಗಿ ತೆಗೆದ 4ಕೆ ಫೈಲ್‌ಗಳು ಮಾತ್ರ ಒಮ್ಮೊಮ್ಮೆ 100 ದಾಟಿ ಜಿಗಿಯುತ್ತವೆ. ಅವನ್ನು ನೋಡುವ ಹುಚ್ಚಿದ್ದರೆ ಗಿಗಾಬಿಟ್ ಪೋರ್ಟಿರುವ ಆಂಡ್ರಾಯ್ಡ್ ಬಾಕ್ಸ್ ತನ್ನಿ.

ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಬಳಸುವವರು ಅದಕ್ಕೆ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಡಬ್ಬದಲ್ಲಿ ಬಂದ ಅಡಾಪ್ಟರನ್ನೇ ಹಾಕಿ. ತಾನಾಗಿ ರೀಸ್ಟಾರ್ಟ್ ಆಗುವ ಕಾಯಿಲೆ ಅರ್ಧ ಅಲ್ಲೇ ವಾಸಿಯಾಗುತ್ತದೆ.

ಚಿತ್ರಕ್ಕೆ: ವಿವಿಡ್ ಮೋಡ್ ಬಿಟ್ಟು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿ, ಮೋಷನ್ ಸ್ಮೂದಿಂಗ್ ಆಫ್ ಮಾಡಿ. (ಅಮ್ಮನಿಗೆ ವಿವಿಡ್ಡೇ ಇಷ್ಟ, ಸೀರೆ ಬಣ್ಣ ಎದ್ದು ಕಾಣುತ್ತದಂತೆ. ಹಗಲು ವಿವಿಡ್, ರಾತ್ರಿ ಸಿನಿಮಾ ಅಂತ ರಾಜಿಯಾಗಿದ್ದೇವೆ.) ಬಾಕ್ಸ್ ಚುಚ್ಚಿದ ಎಚ್‌ಡಿಎಂಐ ಪೋರ್ಟನ್ನು ಟಿವಿ ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್ಡ್ ಮಾಡದಿದ್ದರೆ 4ಕೆ ಎಚ್‌ಡಿಆರ್ ಪೂರ್ತಿ ಬಾರದೇ ಹೋಗಬಹುದು.

ಸೌಂಡ್‌ಬಾರ್‌ಗೆ: ಟಿವಿಯಲ್ಲಿ ಎಆರ್‌ಸಿ (ARC) ಅಂತ ಬರೆದ, ಧ್ವನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಪೋರ್ಟು ಒಂದೇ ಇರುತ್ತದೆ. ಅದಕ್ಕೇ ಚುಚ್ಚಿ, ಟಿವಿ ಸೆಟ್ಟಿಂಗ್‌ನಲ್ಲಿ ಸಿಇಸಿ (CEC) ಆನ್ ಮಾಡಿ. ಟಿವಿ ರಿಮೋಟಿನಲ್ಲೇ ಸೌಂಡ್ ಏರಿಳಿಯುತ್ತದೆ. ಆಡಿಯೋ ಔಟ್‌ಪುಟ್ ಪಿಸಿಎಂ ಎಂದಿದ್ದರೆ ಎಆರ್‌ಸಿಯಲ್ಲಿ ಎರಡೇ ಚಾನೆಲ್ ಬರುವುದು. ಅದನ್ನು ಆಟೋ ಅಥವಾ ಪಾಸ್‌ಥ್ರೂ ಮಾಡಿ. 5.1 ಸೌಂಡ್‌ಬಾರ್ ತಂದು ವರ್ಷಗಟ್ಟಲೆ ಸ್ಟೀರಿಯೋ ಕೇಳಿದವರನ್ನು ನಾನು ಬಲ್ಲೆ.

6. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮನೆಯದೇ ಮೀಡಿಯಾ ಸರ್ವರ್

ಹವ್ಯಾಸದ ರುಚಿ ಹತ್ತುವುದು ಇಲ್ಲಿ. ನಾನು ಬಳಸುವುದು ಜೆಲ್ಲಿಫಿನ್ ಅನ್ನುವ ಮೀಡಿಯಾ ಸರ್ವರ್ ತಂತ್ರಾಂಶ. 2018ರಲ್ಲಿ ಎಂಬಿ (Emby) ಎಂಬ ಇಂಥದೇ ತಂತ್ರಾಂಶ ತನ್ನ ಸೋರ್ಸ್ ಕೋಡ್ ಮುಚ್ಚಿದಾಗ ಅದರಿಂದ ಕವಲೊಡೆದು ಬಂದದ್ದು. ಪೂರ್ತಿ ಉಚಿತ, ಖಾತೆ ತೆರೆಯಬೇಕಿಲ್ಲ.

ಇಂಟೆಲ್ 7ನೇ ತಲೆಮಾರು ಅಥವಾ ಆಮೇಲಿನ ಲ್ಯಾಪ್‌ಟಾಪ್ ಸಿಕ್ಕರೆ ಒಳ್ಳೆಯದು. 10 ಬಿಟ್ ಎಚ್‌ಇವಿಸಿ (4ಕೆ ಫೈಲ್‌ಗಳಲ್ಲಿ ಮಾಮೂಲಾದ ಮಾದರಿ) ವಿಡಿಯೋವನ್ನು ಅದರ ಗ್ರಾಫಿಕ್ಸ್ ಚಿಪ್ಪೇ ನಿಭಾಯಿಸುತ್ತದೆ. ಬ್ಯಾಟರಿ ಉಬ್ಬಿದ್ದರೆ ತೆಗೆಸಿಬಿಡಿ. ಇಪ್ಪತ್ನಾಲ್ಕು ಗಂಟೆ ಚಾರ್ಜಿಗೆ ಬಿದ್ದಿರುವ ಹಳೆಯ ಬ್ಯಾಟರಿ ಬೇಡ. ಮುಚ್ಚಳ ಮುಚ್ಚಿದರೆ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ. ಜೆಲ್ಲಿಫಿನ್ ಹಾಕಿ, ಬ್ರೌಸರ್‌ನಲ್ಲಿ ಲ್ಯಾಪ್‌ಟಾಪ್‌ನ ವಿಳಾಸದ ಕೊನೆಗೆ :8096 ಅಂತ ಪೋರ್ಟ್ ಸೇರಿಸಿ ತೆರೆಯಿರಿ. ರೂಟರ್‌ನಲ್ಲಿ ಆ ಲ್ಯಾಪ್‌ಟಾಪ್‌ಗೆ ಒಂದೇ ವಿಳಾಸ ಕಾಯ್ದಿರಿಸಿ, ಇಲ್ಲದಿದ್ದರೆ ರೂಟರ್ ಆಫ್ ಆಗಿ ಬಂದಾಗ ಟಿವಿಗೆ ಸರ್ವರ್ ಸಿಗದೇ ಹೋಗಬಹುದು. ಪ್ರತಿ ಸಿನಿಮಾಗೂ ಪ್ರತ್ಯೇಕ ಫೋಲ್ಡರ್, ಹೆಸರು ಮತ್ತು ಬಿಡುಗಡೆಯ ವರ್ಷ. ಇಷ್ಟು ಶಿಸ್ತಿದ್ದರೆ ಪೋಸ್ಟರ್ ತಾನಾಗಿ ಬರುತ್ತದೆ.

ಕನ್ನಡ ಸಬ್‌ಟೈಟಲ್ ಚೌಕ ಚೌಕವಾಗಿ ಕಂಡರೆ ಫೈಲ್ ಯುಟಿಎಫ್-8 (ಅಕ್ಷರ ಉಳಿಸುವ ಒಂದು ವಿಧಾನ) ನಲ್ಲಿ ಉಳಿಸಿದೆಯೇ ನೋಡಿ. ಆಮೇಲೆ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಒಂದು ಫೋಲ್ಡರ್‌ಗೆ ಹಾಕಿ, ಜೆಲ್ಲಿಫಿನ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನ ಫಾಲ್‌ಬ್ಯಾಕ್ ಫಾಂಟ್ ಜಾಗದಲ್ಲಿ ಆ ಫೋಲ್ಡರ್ ತೋರಿಸಿ.

ನಮ್ಮ ಸರ್ವರ್‌ನಲ್ಲಿ ಜಾಸ್ತಿ ಓಡುವುದು ಸಿನಿಮಾ ಅಲ್ಲ. ಅಕ್ಕನ ಮದುವೆಯ ವಿಡಿಯೋ. ಮದುವೆ ಡಿವಿಡಿ ಇದ್ದರೆ ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಲ್ಲಿ ಹಾಕಿ ಎಂಪಿ4 ಮಾಡಿ. ವಿಎಚ್‌ಎಸ್ ಕ್ಯಾಸೆಟ್ ಆದರೆ ವಿಸಿಆರ್‌ನ ಹಳದಿ-ಕೆಂಪು-ಬಿಳಿ ತಂತಿಯನ್ನು ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್‌ಗೆ ಕೊಟ್ಟು, ಒಬಿಎಸ್ ಅನ್ನುವ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ನಮ್ಮಲ್ಲಿನ ಕ್ಯಾಸೆಟ್‌ಗಳು ಪಾಲ್ ಪದ್ಧತಿಯವು, ಹಾಗಾಗಿ 720×576, ಸೆಕೆಂಡಿಗೆ 25 ಫ್ರೇಮ್, ಡಿಇಂಟರ್‌ಲೇಸ್ (ಚಿತ್ರದ ಅಡ್ಡಗೆರೆ ಹೋಗಲಾಡಿಸುವುದು) ಆನ್. ಅದಕ್ಕೂ ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಒಳಗೆ ಇಣುಕಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ತೂರಿಸಬೇಡಿ, ಹೆಡ್ ಕೊಳಕಾಗಿ ಮುಂದಿನ ಕ್ಯಾಸೆಟ್ಟೂ ಹಾಳು. ನಮ್ಮ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಇದು ಮಾಮೂಲಿ. ಇಂಥ ಫೈಲ್‌ಗಳನ್ನು ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಬೇರೆ ಮನೆಯಲ್ಲಿಡಿ.

ಅಕ್ಕ ಇರುವುದು ಅಮೆರಿಕದಲ್ಲಿ, ಅವಳಿಗೂ ನೋಡಬೇಕು. ಪೋರ್ಟ್ ಫಾರ್ವರ್ಡ್ (ಹೊರಗಿನವರು ಸರ್ವರ್ ತಲುಪಲು ರೂಟರ್‌ನಲ್ಲಿ ಬಾಗಿಲು ತೆರೆಯುವುದು) ಮಾಡಲು ಹೋಗಿ ಸೋತವರು ರೂಟರ್‌ನ ಹೊರ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಆಪರೇಟರ್ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ಫಾರ್ವರ್ಡ್ ನಡೆಯುವುದಿಲ್ಲ. ದೂರದ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ಆ್ಯಪನ್ನು ಸರ್ವರ್‌ನಲ್ಲೂ ಅವಳ ಸಾಧನದಲ್ಲೂ ಹಾಕಿ ಸೇರಿಸಿದರೆ ಆಯಿತು. ಸರ್ವರ್ ಬಾಗಿಲನ್ನು ಊರಿಗೆಲ್ಲ ತೆರೆದಿಡುವುದಕ್ಕಿಂತ ಇದೇ ಕ್ಷೇಮ.

7. ಕರೆಂಟು, ಸಿಡಿಲು

ಮನೆಗಳಿಗೆ ಸಾಮಾನ್ಯವಾಗಿ ಬರುವ ಜಿಪಾನ್ (GPON) ಮಾದರಿಯ ಫೈಬರ್‌ನಲ್ಲಿ ಆಪರೇಟರ್‌ನ ಕೇಂದ್ರದಿಂದ ನಿಮ್ಮ ಮನೆಯವರೆಗೆ ಕರೆಂಟ್ ಬೇಡುವ ಸಾಧನವೇ ಇಲ್ಲ. ಹಾಗಾಗಿ ಬೀದಿಗೆಲ್ಲ ಕರೆಂಟ್ ಹೋದರೂ ನಿಮ್ಮ ಪೆಟ್ಟಿಗೆ ಬದುಕಿದ್ದರೆ ನೆಟ್ ಬದುಕಿರುತ್ತದೆ. 12 ವೋಲ್ಟ್‌ನ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಜಾಸ್ತಿ. ಮಹಡಿಯ ಪೆಟ್ಟಿಗೆಗೂ, ಸ್ವಿಚ್ಚಿಗೂ ಬ್ಯಾಕಪ್ ಬೇಕು ಅನ್ನುವುದು ನನಗೆ ಹೊಳೆದದ್ದು ಮೊದಲ ಪವರ್ ಕಟ್ ದಿನ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಯುಪಿಎಸ್ ಉತ್ತರವಲ್ಲ. ಫೈಬರಿನ ಗಾಜು ಸಿಡಿಲನ್ನು ಒಳಗೆ ತರುವುದಿಲ್ಲ, ಕರೆಂಟ್ ಲೈನು ಮತ್ತು ತಾಮ್ರದ ಕೇಬಲ್ ತರುತ್ತವೆ. ಪಕ್ಕದ ಮನೆಗೆ, ಶೆಡ್ಡಿಗೆ ತಾರಸಿ ಮೇಲಿಂದ ಲ್ಯಾನ್ ಕೇಬಲ್ ಎಳೆದಿದ್ದರೆ ಅದೇ ಸಿಡಿಲಿಗೆ ಹಾದಿ. ಮೋಡ ಕಟ್ಟಿದ ಕೂಡಲೇ, ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ಗೂ ಆ ಕೇಬಲ್ಲೂ ಎರಡನ್ನೂ ಕಿತ್ತಿಡಿ.

8. ಕೊನೆಗೊಂದು ಚೀಟಿ

ಪ್ರತಿ ಕೇಬಲ್ಲಿನ ಎರಡೂ ತುದಿಗೆ, ಪ್ರತಿ ಅಡಾಪ್ಟರ್‌ಗೆ ನಂಬರ್ ಅಂಟಿಸಿ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಶೋಕೇಸಿನ ಬಾಗಿಲ ಒಳಗೆ ಅಂಟಿಸಿ. ನಾನು ಊರಲ್ಲಿಲ್ಲದಾಗ ಅಮ್ಮ ಫೋನ್ ಮಾಡಿ "ನೆಟ್ ಬರ್ತಿಲ್ಲ ಕಣೋ" ಅಂದರೆ, ಇಬ್ಬರೂ ಆ ಹಾಳೆಯ ಪ್ರಕಾರವೇ ಹೋಗುತ್ತೇವೆ. ಮೊದಲು 1ನೇ ನಂಬರ್ ಪ್ಲಗ್ ತೆಗೆದು ಹಾಕಿ, ಪೆಟ್ಟಿಗೆಯ ಪಾನ್ (PON) ದೀಪ ಮಿನುಗುವುದು ನಿಂತು ಹಸಿರಾಗಿ ನಿಲ್ಲುವವರೆಗೆ ಕಾಯುವುದು, ಆಮೇಲೆ 2ನೇ ನಂಬರ್. ಎಲ್‌ಒಎಸ್ (LOS) ದೀಪ ಕೆಂಪಗಿದ್ದರೆ ಹೊರಗೆ ಫೈಬರ್ ತುಂಡಾಗಿದೆ ಅಥವಾ ಕಳಚಿದೆ, ಏನನ್ನೂ ಮುಟ್ಟಬೇಡ, ಕೇಬಲ್ ಹುಡುಗನಿಗೆ ಫೋನ್ ಮಾಡು. ಕಳೆದ ತಿಂಗಳು ಅಮ್ಮ ನನಗೆ ಫೋನೇ ಮಾಡಲಿಲ್ಲ. ಕೆಂಪು ದೀಪ ನೋಡಿ ನೇರವಾಗಿ ಅವನನ್ನೇ ಕರೆಸಿ, ರಾತ್ರಿ ಧಾರಾವಾಹಿ ಹೊತ್ತಿಗೆ ಸರಿಮಾಡಿಸಿಕೊಂಡಿದ್ದರು.